ಐದು ಹಲ್ಲಿನ ತಂತಿ

ಲೂಬ್ಲಿನ್,
ಅಕ್ಟೋಬರ್ 17, ಗುರುವಾರ

ರೊಮೆಕ್,

ಇತ್ತ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಇತ್ತ ಎಲ್ಲರೂ ಎಂದರೆ ನಾನೊಬ್ಬಳೇ. ಕ್ಷೇಮವೋ ಅಲ್ಲವೋ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಇದ್ದೇನೆ. ಹಲ್ಲು ಗಟ್ಟಿಯಾಗಿವೆ, ಮೊಣಕಾಲು ಮಾತ್ರ ಬಿಸಿಲಿದ್ದ ದಿನ ಮಾತು ಕೇಳುತ್ತದೆ, ಮೋಡವಿದ್ದ ದಿನ ಕೇಳುವುದಿಲ್ಲ.

ನಿನ್ನ ಪತ್ರ ಬಂದು ಕೆಲವು ದಿನಗಳಾದವು. ಓದಿದೆ, ಮಡಿಚಿ ಫ್ರಿಜ್ಜಿನ ಮೇಲಿಟ್ಟೆ, ಆಲೂಗಡ್ಡೆ ಸುಲಿಯಲು ಕೂತೆ. ಸಂಜೆ ಇನ್ನೊಮ್ಮೆ ತೆಗೆದು ಓದಿದೆ, ಮೊದಲ ಸಲ ಏನಾದರೂ ತಪ್ಪಾಗಿ ಓದಿದ್ದೇನೋ ಎಂದು. ತಪ್ಪಾಗಿರಲಿಲ್ಲ. ಈ ಸಲ ನವೆಂಬರ್ ಒಂದರ ಸಕಲ ಸಂತರ ದಿನಕ್ಕೆ ಬರುವುದಿಲ್ಲ, ರೈಲಿನಲ್ಲಿ ಅಷ್ಟು ದೂರ ಕೂರಲು ಸೊಂಟ ಒಪ್ಪುತ್ತಿಲ್ಲ, ಮಿರ್ಕಾಳ ಸಮಾಧಿಯ ಮೇಲೆ ನನ್ನ ಹೆಸರಿನಲ್ಲಿಯೂ ನೀನೇ ಒಂದು ದೀಪ ಹಚ್ಚಿಬಿಡು ಎಂದು ಬರೆದಿದ್ದೀಯ. ಗ್ರಾಮಫೋನನ್ನೂ ಅದರ ಪ್ಲೇಟುಗಳನ್ನೂ ವಾರ್ಸಾದ ಯಾರೋ ಸಂಗ್ರಹಕಾರರು ಮುಂದಿನ ವಾರ ಶನಿವಾರ ಬಂದು ಒಯ್ಯುತ್ತಾರಂತೆ. ಅಷ್ಟರೊಳಗೆ ನಾನು ಅದನ್ನು ಕಂಪ್ಯೂಟರಿಗೆ ಜೋಡಿಸಿ, ಹಾಡುಗಳನ್ನೆಲ್ಲ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಹಾಕಿ ನಿನಗೆ ಕಳಿಸಬೇಕಂತೆ. ಕೊನೆಗೆ ಒಂದು ಸಾಲು, ಕೆಳಗೆ ಗೆರೆ ಎಳೆದು: ಟ್ಯಾಂಗೊ ಹಾಡಿನಲ್ಲಿ ಸೂಜಿ ಸಿಕ್ಕಿಕೊಳ್ಳುವ ಆ ಜಾಗವನ್ನು ಕಂಪ್ಯೂಟರಿನಲ್ಲೇ ನೀಟಾಗಿ ಕತ್ತರಿಸಿ ತೆಗೆದುಬಿಡು, ಅದು ನನ್ನ ಕೈಲಿ ಕೇಳಲಾಗುವುದಿಲ್ಲ.

ನೀನು ಯಾವತ್ತೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವವನು. ಆದರೆ ಈ ಪತ್ರ ನನಗೆ ಸರಿಯಾಗಿಯೇ ಅರ್ಥವಾಯಿತು. ದೀಪ ನಾನು ಹಚ್ಚುತ್ತೇನೆ, ಯಂತ್ರವನ್ನು ಅವರು ಒಯ್ಯುತ್ತಾರೆ, ಹಾಡು ಅಂಚೆಯಲ್ಲಿ ಬರುತ್ತದೆ. ಇನ್ನು ಲೂಬ್ಲಿನ್‌ಗೆ ಬರಲು ನಿನಗೆ ಒಂದು ಕಾರಣವೂ ಉಳಿಯುವುದಿಲ್ಲ. ಎರಡು ವಾರ ತಂಗಿಯ ಮನೆಯಲ್ಲಿದ್ದು ಬರುತ್ತೇನೆಂದು ಗ್ದಿನ್ಯಕ್ಕೆ ಹೋದವನು ನೀನು. ಆ ಎರಡು ವಾರ ಮುಗಿಯಲೇ ಇಲ್ಲ. ನಾವು ಜಗಳವಾಡಿರಲಿಲ್ಲ. ಆಡಿದ್ದರೆ ರಾಜಿಯಾದರೂ ಆಗಬಹುದಿತ್ತು. ವರ್ಷಕ್ಕೊಂದು ದಿನ ಬೆಳಗಿನ ರೈಲಿಗೆ ಸೇವಂತಿಗೆ ಹಿಡಿದು ಬರುತ್ತಿದ್ದೆ. ಇಬ್ಬರೂ ಸ್ಮಶಾನಕ್ಕೆ ಹೋಗಿ ನಿಲ್ಲುತ್ತಿದ್ದೆವು, ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದೆವು, ಮನೆಗೆ ಬಂದು ಬೀಟ್‌ರೂಟ್ ಸಾರು ಉಣ್ಣುತ್ತಿದ್ದೆವು, ಸಂಜೆ ನೀನು ಹೊರಡುತ್ತಿದ್ದೆ. ಅದೂ ಈಗ ನಿಂತಿತು. ಇಷ್ಟೆಲ್ಲ ನನಗೆ ತಿಳಿಯಿತು, ಆದರೆ ತಿಳಿದದ್ದು ಎಲ್ಲಿಯೂ ತಾಗಲಿಲ್ಲ.

ಹಲ್ಲಿನ ಆಸ್ಪತ್ರೆಯಲ್ಲಿ ನರ್ಸಾಗಿ ಆಯುಷ್ಯ ಕಳೆದವಳು ನಾನು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸುತ್ತಿದ್ದೆ: ಮದ್ದು ಇಳಿಯುವ ತನಕ ಏನೂ ತಿನ್ನಬೇಡಿ, ಕೆನ್ನೆ ಕಚ್ಚಿಕೊಂಡರೂ ನಿಮಗೆ ಗೊತ್ತಾಗುವುದಿಲ್ಲ. ನಮ್ಮ ಮಿರ್ಕಾ ತೀರಿಕೊಂಡ ಮೇಲೆ ಇದು ನಾಲ್ಕನೆಯ ಶರತ್ಕಾಲ. ನನಗೆ ಕೊಟ್ಟ ಮದ್ದು ಇನ್ನೂ ಇಳಿದಿಲ್ಲ. ಒಬ್ಬಳೇ ಮಗಳನ್ನು ಮಣ್ಣಿಗೆ ಇಳಿಸಿದ ದಿನ ನಾನು ಅಳಲಿಲ್ಲ ಎಂದು ಊರೇ ಮಾತಾಡಿಕೊಂಡಿತು. ನೀನೂ ನೋಡಿದೆ, ಏನೂ ಹೇಳಲಿಲ್ಲ. ನಾನು ಗಟ್ಟಿಗಿತ್ತಿ ಎಂದು ನೀನು ತಿಳಿದಿದ್ದರೆ ಅದು ತಪ್ಪು. ಜೋಮು ಹಿಡಿದ ಕಾಲನ್ನು ಯಾರೂ ಗಟ್ಟಿ ಕಾಲು ಎನ್ನುವುದಿಲ್ಲ.

ಇರಲಿ. ಕೆಲಸದ ವಿಷಯ ಬರೆಯುತ್ತೇನೆ.

ಕಂಪ್ಯೂಟರ್ ಮಿರ್ಕಾಳದ್ದೇ, ಮುಚ್ಚಳದ ಮೇಲೆ ಕಪ್ಪೆಯ ಚಿತ್ರ ಅಂಟಿಸಿದ್ದು. ಕರೆಂಟು ಬಿಲ್ಲು ಕಟ್ಟಲು ಬಿಟ್ಟರೆ ನಾನು ಅದನ್ನು ಮುಟ್ಟುವುದಿಲ್ಲ. ನಿನ್ನ ಗ್ರಾಮಫೋನಿನ ಹಿಂದೆ ಇರುವುದು ನಮ್ಮ ಕಾಲದ ದುಂಡು ಜಾಗ, ಐದು ತೂತಿನದು. ಈಗಿನ ಯಾವ ತಂತಿಯೂ ಅದರೊಳಗೆ ಹೋಗುವುದಿಲ್ಲ. ಬಸ್ ನಿಲ್ದಾಣದ ಹಿಂದಿನ ಸಂತೆಗೆ ಹೋದೆ. ಹಳೆಯ ರೇಡಿಯೊಗಳ ನಡುವೆ ಕೂತ ದಪ್ಪ ಮೀಸೆಯವನೊಬ್ಬ ನನ್ನ ಮಾತು ಮುಗಿಯುವ ಮೊದಲೇ ನಕ್ಕ.

"ಅಯ್ಯೋ ತಾಯಿ, ಐದು ಹಲ್ಲಿನ ತಂತಿ ಕೇಳ್ಕೊಂಡು ಬರೋರು ಈ ಊರಲ್ಲಿ ಇಬ್ಬರೇ ಉಳಿದಿರೋದು. ಒಬ್ಬರು ಪಾದ್ರಿಗಳು, ಇನ್ನೊಬ್ಬರು ನೀವು."

"ಪಾದ್ರಿಗಳಿಗೆ ಯಾಕಂತೆ?"

"ಅವರ ಹತ್ರ ಹಳೇ ಪ್ಲೇಟುಗಳಿದಾವೆ. ಏನು ಪ್ಲೇಟು ಅಂತ ಕೇಳ್ಬೇಡಿ, ನಾನೂ ಕೇಳಿಲ್ಲ."

ಒಂದು ತುದಿಯಲ್ಲಿ ಐದು ಹಲ್ಲು, ಇನ್ನೊಂದು ತುದಿಯಲ್ಲಿ ಕಂಪ್ಯೂಟರಿನ ಪಕ್ಕದ ತೂತಿಗೆ ಹೋಗುವ ಕಡ್ಡಿ. ತಂದು ಚುಚ್ಚಿದೆ. ಒಂದು ಕಡೆ ನಿನ್ನ ಯಂತ್ರ, ಇನ್ನೊಂದು ಕಡೆ ಅವಳದ್ದು, ನಡುವೆ ಆ ತಂತಿ. ಗ್ರಾಮಫೋನಿನ ಸ್ಪೀಕರಿನಿಂದ ಹಾಡು ಕೋಣೆಯಲ್ಲಿ ಕೇಳುತ್ತಿತ್ತು, ಪರದೆಯ ಮೇಲೆ ಹಸಿರು ಗೆರೆ ಏಳುತ್ತ ಬೀಳುತ್ತ ಓಡುತ್ತಿತ್ತು. ಎಲ್ಲ ಸರಿಯಾಗಿದೆ ಎಂದುಕೊಂಡೆ.

ಹಾಡು ಇಳಿಸುವುದೆಂದರೆ ಬಕೆಟ್ಟಿನಿಂದ ಬಕೆಟ್ಟಿಗೆ ನೀರು ಸುರಿದ ಹಾಗೆ ಎಂದು ತಿಳಿದಿದ್ದೆ. ಹಾಗಲ್ಲ. ಹಾಡು ಎಷ್ಟು ಹೊತ್ತಿನದೋ ಅಷ್ಟು ಹೊತ್ತು ಅದರ ಎದುರು ಕೂರಬೇಕು. ಅವಸರ ಮಾಡಿದರೆ ಹಾಡಿದವರ ಗಂಟಲು ಇಲಿಯ ಗಂಟಲಾಗುತ್ತದೆ. ಒಂದು ಮಗ್ಗುಲು ಮುಗಿದರೆ ಎದ್ದು ತಿರುವಿ ಹಾಕಬೇಕು, ಸೂಜಿಯ ಧೂಳು ಊದಬೇಕು, ಮತ್ತೆ ಕೂರಬೇಕು. ಒಲೆಯ ಮೇಲೆ ಹಾಲಿಟ್ಟು ಕೂತ ಹಾಗೆ. ನಾನು ಸೇಬು ಹೆಚ್ಚಿದೆ, ಕಾಲುಚೀಲ ಹೊಲಿದೆ, ಎಲೆಕೋಸಿಗೆ ಉಪ್ಪು ಬೆರೆಸಿ ಹುಳಿ ಬರಲು ಇಟ್ಟೆ. ಮದುವೆಗೆ ಮುಂಚೆ ನಾವು ಕುಣಿದ ಹಾಡು ಬಂತು, ಹೋಯಿತು. ನೀನು ಟ್ರಾಲಿ ಬಸ್ಸು ಓಡಿಸುತ್ತಿದ್ದಾಗ ಶಿಳ್ಳೆ ಹಾಕುತ್ತಿದ್ದ ಹಾಡು ಬಂತು, ಅದೂ ಹೋಯಿತು. ನನಗೆ ಏನೂ ಅನಿಸಲಿಲ್ಲ. ಯಾರದೋ ಮನೆಯ ಸಾಮಾನು ಲಾರಿಗೆ ಏರಿಸಿದ ಹಾಗೆ ಒಂದೊಂದಾಗಿ ಇಳಿಸುತ್ತ ಹೋದೆ.

ಹೋದ ವಾರ ಮಂಗಳವಾರ ಮಧ್ಯಾಹ್ನ ಟ್ಯಾಂಗೊ ಇರುವ ಪ್ಲೇಟು ಹಾಕಿದೆ. ಅದು ಮುಗಿದು ಮುಂದಿನ ಹಾಡು ಶುರುವಾಗಿತ್ತು. ಬಾಗಿಲು ದಡದಡ ಬಡಿದ ಸದ್ದಾಯಿತು. ತೆಗೆದರೆ ಕೆಳಮನೆಯ ಒತಿಲ್ಯಾ ಅವರು. ಏದುಸಿರು, ತಲೆಯಲ್ಲಿ ಸುರುಳಿ ಕ್ಲಿಪ್ಪುಗಳು, ಕೈಯಲ್ಲಿ ಉದ್ದ ಹಿಡಿಯ ಪೊರಕೆ. ನಮ್ಮ ಸದ್ದಿಗೆ ಇಷ್ಟು ವರ್ಷ ತಮ್ಮ ಮನೆಯ ಸೂರಿಗೆ ಕುಟ್ಟುತ್ತ ಬಂದ ಅದೇ ಪೊರಕೆ. ಅದರ ಸಮೇತ ಮೆಟ್ಟಿಲು ಹತ್ತಿ ಬಂದಿದ್ದರು.

"ಏನ್ರೀ, ಯಾರ್ರೀ ಬಂದಿರೋದು?"

"ಯಾರೂ ಬಂದಿಲ್ಲವಲ್ಲ."

"ಮತ್ತೆ ಕಾಲು ಬಡಿದಿದ್ದು ಯಾರು?"

"ಯಾರೂ ಬಡೀಲಿಲ್ಲ."

"ನನ್ನ ಕಿವಿ ಇನ್ನೂ ಸತ್ತಿಲ್ಲ ಲಿದ್ಕಾ. ಅದೇ ಹಾಡು, ಅದೇ ಜಾಗ, ಅದೇ ಹಲಗೆ. ದಢ್ ಅಂತು. ನನ್ನ ಕೈ ತಾನಾಗೇ ಪೊರಕೆಗೆ ಹೋಯ್ತು. ಎರಡು ಸಲ ಸೂರಿಗೆ ಕುಟ್ಟಿದ ಮೇಲೆ ನೆನಪಾಯ್ತು ನೋಡಿ, ಅಯ್ಯೋ ದೇವರೇ, ಹುಡುಗಿ ಎಲ್ಲಿದಾಳೆ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಚಪ್ಪಲಿ ನೋಡಿಕೊಂಡೆ. ಕೂತಲ್ಲೇ ಕೂತಿದ್ದೆ, ಕಾಲುಚೀಲ ಹೊಲಿಯುತ್ತಿದ್ದೆ, ನನಗೆ ಗೊತ್ತಿದ್ದದ್ದು ಅಷ್ಟೇ. ಸೂಜಿ ಸಿಕ್ಕಿಕೊಂಡದ್ದು ಕೂಡ ನೆನಪಿಲ್ಲ. ಒತಿಲ್ಯಾ ಅವರನ್ನು ಒಳಗೆ ಕರೆದು ಕೂರಿಸಿದೆ. ಅವರು ಪೊರಕೆಯನ್ನು ಮಡಿಲಲ್ಲಿಟ್ಟುಕೊಂಡೇ ಕೂತರು. ನಿನ್ನ ಬಗ್ಗೆಯೂ ನಾಲ್ಕು ಮಾತಾಡಿದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಹಾಡಿನ ಪಾಡಿಗೆ ಹಾಡು ಓಡುತ್ತಿತ್ತು, ಹಸಿರು ಗೆರೆಯೂ ಓಡುತ್ತಿತ್ತು.

ಆ ಹಲಗೆಯ ಕಥೆ ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ನೀನು ಮರೆಯಲು ತುಂಬ ಪ್ರಯತ್ನಪಡುತ್ತಿರುವ ಹಾಗಿದೆ. "ಇನ್ನೂ ಒಂದು ಸುತ್ತು" ಎಂದು ಆ ಹೆಂಗಸು ಹಾಡುವಲ್ಲಿ ಸೂಜಿ ಸಿಕ್ಕಿಕೊಂಡು, ಇನ್ನೂ, ಇನ್ನೂ, ಇನ್ನೂ ಎಂದು ನಿಂತುಬಿಡುತ್ತಿತ್ತು. ಹಾಡಿದ್ದೇ ಹಾಡೋ ಕಿಸಬಾಯಿ ದಾಸಿ ಎಂದು ನಾನು ಬೈದುಕೊಳ್ಳುತ್ತಿದ್ದೆ. ಮಿರ್ಕಾ ಸಣ್ಣವಳಿದ್ದಾಗ ಒಂದು ದಿನ ಕುರ್ಚಿಯಿಂದ ದುಮುಕಿದಳು, ಕೋಣೆ ಬೆಚ್ಚಗಿಡುವ ಒಲೆಯ ಪಕ್ಕದ ಸಡಿಲ ಹಲಗೆಯ ಮೇಲೆ. ನೆಲ ಅದುರಿ ಸೂಜಿ ಮುಂದಕ್ಕೆ ಹಾರಿತು, ಹಾಡು ಬಿಡಿಸಿಕೊಂಡು ಓಡಿತು. ಅಂದಿನಿಂದ ಅದು ಅವಳ ಕೆಲಸ. ಬೇರೆ ಯಾರು ಬಡಿದರೂ ಒಪ್ಪುತ್ತಿರಲಿಲ್ಲ. ಹೊಸ ಪ್ಲೇಟು ತರುತ್ತೇನೆಂದು ನೀನು ಹೇಳಿದರೆ ಅತ್ತು ರಂಪ ಮಾಡುತ್ತಿದ್ದಳು. ದೊಡ್ಡವಳಾಗಿ, ಕೆಲಸಕ್ಕೆ ಸೇರಿ, ಬೇರೆ ಮನೆ ಮಾಡಿಕೊಂಡ ಮೇಲೂ ಭಾನುವಾರ ಊಟಕ್ಕೆ ಬಂದರೆ ಚಮಚ ಕೆಳಗಿಟ್ಟು ಎದ್ದು ಹೋಗಿ ಬಡಿದು ಬರುತ್ತಿದ್ದಳು. ಅವಳು ಬಡಿದರೆ ಕೆಳಗಿನಿಂದ ಒತಿಲ್ಯಾ ಅವರ ಪೊರಕೆ ಟಕ್ ಟಕ್ ಎನ್ನುತ್ತಿತ್ತು. ನೀನು ನಗುತ್ತಿದ್ದೆ. ನೀನು ನಗುತ್ತಿದ್ದದ್ದು ನನಗೆ ನೆನಪಿದೆ ರೊಮೆಕ್, ಬಾಯಿ ಒರೆಸಿಕೊಳ್ಳುತ್ತ.

ಶನಿವಾರ ಒತಿಲ್ಯಾ ಅವರು ಪ್ಲಮ್ ಕೇಕು ಮಾಡಿಕೊಂಡು ಮತ್ತೆ ಬಂದರು. ಈ ಸಲ ಪೊರಕೆ ಇರಲಿಲ್ಲ. ಕಂಪ್ಯೂಟರಿನಲ್ಲಿ ಹಾಡು ಹೇಗೆ ಕೇಳುತ್ತದೆ, ಒಂದು ಹಾಕಿ ನೋಡೋಣ ಎಂದರು. ಅಲ್ಲಿಯವರೆಗೆ ನಾನು ಒಂದನ್ನೂ ತಿರುಗಿ ಕೇಳಿರಲಿಲ್ಲ, ಕೇಳುವ ಮನಸ್ಸೂ ಇರಲಿಲ್ಲ. ಟ್ಯಾಂಗೊದ ನಂತರದ ಹಾಡನ್ನು ಒತ್ತಿದೆ. ಹಾಡು ಬಂತು, ಆದರೆ ಬಾವಿಯೊಳಗಿನಿಂದ ಬಂದ ಹಾಗೆ. ನಮ್ಮ ಗೋಡೆ ಗಡಿಯಾರದ ಟಿಕ್ ಟಿಕ್ ಅದಕ್ಕಿಂತ ಜೋರಾಗಿತ್ತು. ಆಮೇಲೆ ಬಾಗಿಲು ಬಡಿದ ಸದ್ದು. ಒತಿಲ್ಯಾ ಅವರು ಕೇಕಿನ ತಟ್ಟೆ ಹಿಡಿದೇ ಬಾಗಿಲ ಕಡೆ ತಿರುಗಿದರು.

"ನೋಡ್ರೀ, ಯಾರೋ ಬಂದ್ರು."

ಅಷ್ಟರಲ್ಲಿ ಕಂಪ್ಯೂಟರಿನೊಳಗಿಂದ "ಏನ್ರೀ, ಯಾರ್ರೀ ಬಂದಿರೋದು?" ಎಂದು ಅವರದೇ ದನಿ ಬಂತು.

"ಅಯ್ಯಯ್ಯೋ, ಇದೇನ್ರೀ ಇದು! ನಾನಲ್ವಾ ಇದು? ನನ್ನ ಗಂಟಲು ಇಷ್ಟು ಕೆಟ್ಟದಾಗಿದ್ಯಾ?"

"ನಿಮ್ಮದೇ."

"ಯಾರೂ ಹೇಳಲೇ ಇಲ್ವಲ್ರೀ ಇಷ್ಟು ವರ್ಷ! ನಮ್ಮೆಜಮಾನ್ರು ಕಿವುಡು ಅಂತ ಕಿವುಡು ಅಂತ ನಾನು ಬೈದಿದ್ದೇ ಬೈದಿದ್ದು. ಪಾಪ, ಆ ಮನುಷ್ಯ ಬೇಕಂತಲೇ ಕಿವುಡಾಗಿದ್ರು ಅನ್ಸತ್ತೆ."

ಮುಂದೆ ಅವರು ನಿನ್ನನ್ನು ಕುರಿತು ಆಡಿದ ನಾಲ್ಕು ಮಾತುಗಳೂ ಒಂದೊಂದಾಗಿ ಬಂದವು, ಹಿಂದೆ ಪಿಟೀಲು ನುಡಿಯುತ್ತಿತ್ತು. ನಾಚಿಕೊಳ್ಳುತ್ತಾರೆ ಎಂದುಕೊಂಡೆ. ಅವರು ತಲೆದೂಗುತ್ತ ಕೇಳಿ, "ಸರಿಯಾಗೇ ಹೇಳಿದೀನಿ," ಎಂದರು. ನಿನಗೆ ಅದನ್ನು ಕೇಳುವ ಕಷ್ಟವಿಲ್ಲ, ಒಳ್ಳೆಯ ಪ್ರತಿ ಬೇರೆ ಮಾಡಿದ್ದೇನೆ, ಅದರ ಕಥೆ ಮುಂದಿದೆ.

ಪಿಟೀಲು ನಿಂತ ಮೇಲೆ ಒತಿಲ್ಯಾ ಅವರು ಕೇಕು ಕೆಳಗಿಟ್ಟರು. "ಇದರ ಹಿಂದಿನ ಹಾಡು ಹಾಕಿ," ಎಂದರು. ನನಗೆ ಬೇಡವಾಗಿತ್ತು. "ಹಾಕ್ರೀ, ನಾನು ಸುಳ್ಳಿಯೋ ನೀವು ಸುಳ್ಳಿಯೋ ಗೊತ್ತಾಗ್ಲಿ," ಎಂದರು. ಹಾಕಿದೆ.

ಟ್ಯಾಂಗೊ ಬಂತು. ಗಡಿಯಾರ. ನಾನು ಸೀನಿದ್ದು. ಇನ್ನೂ ಒಂದು, ಇನ್ನೂ, ಇನ್ನೂ, ಇನ್ನೂ. ಕುರ್ಚಿ ಕಿರ್ ಎಂದಿತು. ಚಪ್ಪಲಿಯ ಸದ್ದು ಒಲೆಯ ಕಡೆಗೆ ಹೋಯಿತು, ಅವಸರವಿಲ್ಲದೆ, ದಾರಿ ಗೊತ್ತಿದ್ದವರ ನಡಿಗೆ. ಆಮೇಲೆ ದಢ್. ಹಾಡು ಬಿಡಿಸಿಕೊಂಡು ಓಡಿತು. ಕೆಳಗಿನಿಂದ ಟಕ್ ಟಕ್.

ಒತಿಲ್ಯಾ ಅವರು ನನ್ನ ಕಡೆ ತಿರುಗಿದರು. ನನ್ನ ಮುಖ ಒಮ್ಮೆ ನೋಡಿದರು. ಕೇಕು ಆಗಲೇ ಕತ್ತರಿಸಿಯಾಗಿತ್ತು, ಆದರೂ ಕತ್ತರಿಸಿಕೊಂಡು ಬರುತ್ತೇನೆ ಎಂದು ಅಡಿಗೆಮನೆಗೆ ಹೋದರು.

ನಾನು ಕೆನ್ನೆ ಕಚ್ಚಿಕೊಂಡಿದ್ದೇನೆ ಎಂಬುದು ನನಗೆ ಗೊತ್ತಾದದ್ದು ಹೀಗೆ.

ತಪ್ಪು ಎಲ್ಲಿ ಆಯಿತೆಂದು ಹುಡುಕುವಾಗ ನಿನ್ನದೇ ಮಾತು ನೆನಪಾಯಿತು. ಮಿರ್ಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ದುಂಡು ಜಾಗ ತೋರಿಸಿ ಪದ್ಯದ ಹಾಗೆ ಹೇಳಿಕೊಡುತ್ತಿದ್ದೆಯಲ್ಲ, ಇಬ್ಬರು ಹೇಳುವವರು, ಇಬ್ಬರು ಕೇಳುವವರು, ನಡುವಿನವನು ನೆಲ ಮುಟ್ಟುವವನು ಎಂದು. ಐದು ಹಲ್ಲಿನ ಲೆಕ್ಕ ಅದು: ಎರಡು ಹಲ್ಲು ಸದ್ದನ್ನು ಹೊರಗೆ ಕಳಿಸುತ್ತವೆ, ಎರಡು ಒಳಗೆ ತೆಗೆದುಕೊಳ್ಳುತ್ತವೆ, ನಡುವಿನದು ಅರ್ತ್. ತಂತಿಯನ್ನು ಮೀಸೆಯವನ ಬಳಿಗೆ ಒಯ್ದು ಆ ಪದ್ಯವನ್ನೇ ಹೇಳಿದೆ. ಅವನು ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ ಹಣೆ ಬಡಿದುಕೊಂಡ.

"ತಪ್ಪಾಯ್ತು ತಾಯಿ. ಇದು ಕೇಳೋ ಹಲ್ಲುಗಳಿಗೆ ಬೆಸುಗೆ ಹಾಕಿರೋ ತಂತಿ. ಎರಡೂ ಕಡೆ ಕೇಳೋರೇ ಕೂತಿದಾರೆ, ಹೇಳೋರು ಯಾರೂ ಇಲ್ಲ. ತಂತೀಲಿ ಏನೂ ಹೋಗೇ ಇಲ್ಲ."

"ಮತ್ತೆ ಹಾಡು ಹೇಗೆ ಬಂತು?"

"ಕಂಪ್ಯೂಟರಿಗೆ ಸ್ವಂತ ಕಿವಿ ಇರತ್ತೆ, ಪರದೆ ಮೇಲ್ಗಡೆ ಸಣ್ಣ ತೂತು. ತಂತೀಲಿ ಏನೂ ಬರದೇ ಇದ್ದಿದ್ದಕ್ಕೆ ಅದು ಕೋಣೇನೇ ಕೇಳಿಸ್ಕೊಂಡಿದೆ. ಮನೇಲಿ ಜಗಳ ಗಿಗಳ ಏನೂ ಆಡಿಲ್ಲ ತಾನೇ?"

ಆಡಲು ಯಾರೂ ಇಲ್ಲ ಎಂದೆ. ಅವನು ಬೇರೆ ತಂತಿ ಕೊಟ್ಟ. ಎರಡೂ ಕಡೆ ಕೇಳುವವರೇ ಕೂತಿದ್ದಾರೆ ಎಂಬ ಮಾತು ಬಸ್ಸಿನಲ್ಲಿ ಮನೆಯ ತನಕ ನನ್ನ ಜೊತೆಗೇ ಬಂತು. ಅವನು ತಂತಿಯ ಬಗ್ಗೆ ಹೇಳಿದ್ದು, ಗೊತ್ತು.

ಎಲ್ಲವನ್ನೂ ಮೊದಲಿಂದ ಇಳಿಸಿದೆ. ಈ ಸಲ ಹಾಡು ಶುದ್ಧವಾಗಿ ಬಂತು. ಗಡಿಯಾರವಿಲ್ಲ, ಮೂಗಿಲ್ಲ, ಒತಿಲ್ಯಾ ಇಲ್ಲ. ನಿನ್ನೆ ಟ್ಯಾಂಗೊದ ಸರದಿ. ಸೂಜಿ ಆ ಜಾಗಕ್ಕೆ ಬಂದು ಸಿಕ್ಕಿಕೊಂಡಿತು. ನಾನು ಎಚ್ಚರದಿಂದ ಕಾದಿದ್ದೆ. ಎದ್ದು ಹೋಗಿ ಹಲಗೆಯ ಮೇಲೆ ಕಾಲು ಬಡಿದೆ. ಏನೂ ಆಗಲಿಲ್ಲ. ಇನ್ನಷ್ಟು ಜೋರಾಗಿ ಬಡಿದೆ, ಮೊಣಕಾಲು ಚುಳ್ ಎಂದಿತು, ಸೂಜಿ ಕದಲಲಿಲ್ಲ. ಗೊತ್ತಿದ್ದು ಬಡಿದರೆ ಆಗುವುದಿಲ್ಲವೋ ಏನೋ. ಕೆಳಗಿನಿಂದಲೂ ಸದ್ದಿಲ್ಲ, ಒತಿಲ್ಯಾ ಅವರು ಮಾರ್ಕೆಟ್ಟಿಗೆ ಹೋಗಿದ್ದರಂತೆ. ಕೊನೆಗೆ ಬೆರಳಿನಿಂದ ಸೂಜಿ ಎತ್ತಿ ಮುಂದಕ್ಕಿಟ್ಟೆ. ಆಮೇಲೆ ಕಂಪ್ಯೂಟರಿನಲ್ಲಿ ನೀನು ಹೇಳಿದ ಹಾಗೆ ಕತ್ತರಿಸಿದೆ. ಒಂದು "ಇನ್ನೂ" ಉಳಿಸಿ ಮಿಕ್ಕವನ್ನೆಲ್ಲ ಅಳಿಸಿದೆ. ತುಂಬ ಚೆನ್ನಾಗಿ ಬಂದಿದೆ. ಅಲ್ಲಿ ಯಾವತ್ತೂ ಏನೂ ಸಿಕ್ಕಿಕೊಂಡಿರಲೇ ಇಲ್ಲ ಎನ್ನುವ ಹಾಗಿದೆ. ಮೊದಲಿನಿಂದ ಕೊನೆಯವರೆಗೆ ಕೇಳಿದೆ, ನನಗೆ ಏನೂ ಅನಿಸಲಿಲ್ಲ.

ಪೆನ್‌ಡ್ರೈವನ್ನು ಹತ್ತಿಯಲ್ಲಿ ಸುತ್ತಿ ಈ ಲಕೋಟೆಯೊಳಗೇ ಇಟ್ಟಿದ್ದೇನೆ. ನೀನು ಕೇಳಿದ್ದೆಲ್ಲ ಆಯಿತು. ದೀಪವನ್ನೂ ಹಚ್ಚುತ್ತೇನೆ, ನಿನ್ನದು ನೀಲಿ ಗಾಜಿನದು, ಪ್ರತಿ ವರ್ಷದ ಹಾಗೆ. ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಇಟ್ಟುಕೋ. ನಿನ್ನ ತಂಗಿ ಲುದ್ವಿಕಾಗೆ ನಾನು ಕೇಳಿದೆ ಎಂದು ಹೇಳು. ಅವಳ ಮೀನಿನ ಸೂಪಿಗೆ ಉಪ್ಪು ಜಾಸ್ತಿ, ನಿನ್ನ ರಕ್ತದೊತ್ತಡಕ್ಕೆ ಆಗದು ಎಂದು ನಾನು ಹೇಳಿದೆ ಎಂದು ಮಾತ್ರ ಹೇಳಬೇಡ.

ಇಂತಿ,
ಕಾಗದಪತ್ರಗಳ ಪ್ರಕಾರ ಇನ್ನೂ ನಿನ್ನ ಹೆಂಡತಿಯಾದ
ಲಿದ್ಕಾ

ಮರೆತ ಮಾತು: ಲಕೋಟೆ ಅಂಟಿಸಿ, ಅಂಚೆ ಕಚೇರಿಯ ಸಾಲಿನಲ್ಲಿ ನಿಂತು, ವಾಪಸು ಮನೆಗೆ ಬಂದು ಬಿಡಿಸಿದ್ದೇನೆ. ಅಂಟು ಅಡ್ಡಾದಿಡ್ಡಿಯಾಗಿದ್ದರೆ ಅದಕ್ಕೇ.

ಒಳಗಿನ ಪೆನ್‌ಡ್ರೈವನ್ನು ಬದಲಾಯಿಸಿದ್ದೇನೆ. ನಿನಗೆ ಬಂದಿರುವುದು ಕೆಟ್ಟ ಪ್ರತಿ. ಗಡಿಯಾರ, ಮೂಗು, ಎಲ್ಲ ಇದೆ. ಒತಿಲ್ಯಾ ಅವರು ನಿನ್ನ ಬಗ್ಗೆ ಆಡಿದ್ದೂ ಇದೆ. ಕೇಳಿಸಿಕೋ, ಅವರು ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಶುದ್ಧವಾದದ್ದು ಇಲ್ಲಿ ಸಕ್ಕರೆ ಡಬ್ಬಿಯಲ್ಲಿದೆ.

ಟ್ಯಾಂಗೊದಲ್ಲಿ ಪೊರಕೆಯ ಸದ್ದಾದ ಮೇಲೆ ತಕ್ಷಣ ನಿಲ್ಲಿಸಬೇಡ. ಮೇಲಿನ ಪತ್ರದಲ್ಲಿ ನಾನು ಒಂದು ಸಂಗತಿ ಬರೆಯಲಿಲ್ಲ. ಹಾಡಿನ ಅಡಿಯಲ್ಲಿ ಒಬ್ಬ ಹೆಂಗಸು ಸಣ್ಣಗೆ ಗದರುತ್ತಾಳೆ: "ಮೆಲ್ಲಗೆ ಕಣೇ, ಕೆಳಗಡೆ ಒತಿಲ್ಯಾ ಅವರಿದಾರೆ." ಮಿರ್ಕಾ ಚಿಕ್ಕವಳಿದ್ದಾಗಿನಿಂದ ನಾನು ಗದರುತ್ತಿದ್ದದ್ದು ಹಾಗೇ ಅಲ್ಲವೇ? ಆ ದನಿ ನನ್ನದು. ಹೇಳಿದ್ದು ನನಗೆ ಗೊತ್ತಿಲ್ಲ, ಆದರೆ ನನ್ನದೇ. ಒತಿಲ್ಯಾ ಅವರು ಅಡಿಗೆಮನೆಗೆ ಹೋದದ್ದು ಅದನ್ನು ಕೇಳಿ.

ಅಂಚೆ ಕಚೇರಿಯ ಸಾಲಿನಲ್ಲಿ ನಿಂತಾಗ ಆ ದನಿ ಮತ್ತೆ ಕಿವಿಗೆ ಬಂತು, ಮತ್ತು ನನಗೆ ನೋವಾಯಿತು. ತುಂಬ ನೋವಾಯಿತು ರೊಮೆಕ್. ಮುಂದೆ ನಿಂತವರು ತಿರುಗಿ ನೋಡುವಷ್ಟು ಅತ್ತೆ. ಮದ್ದು ಇಳಿಯುತ್ತಿದೆ ಎಂದು ಕಾಣುತ್ತದೆ. ನೋವಾಯಿತು ಎಂದು ಬರೆಯಲು ನನಗೆ ಸಂತೋಷವಾಗುತ್ತಿದೆ.

ವಾರ್ಸಾದವರಿಗೆ ಫೋನು ಮಾಡಿ ಯಂತ್ರ ಕೊಡುವುದಿಲ್ಲ ಎಂದು ಹೇಳಿದ್ದೇನೆ. ನಿನ್ನನ್ನು ಕೇಳಲಿಲ್ಲ.

ನೀನು ಒಂದು ಮಾಡು. ಆ ಹಾಡು ಹಾಕಿಕೊಂಡು ಸುಮ್ಮನೆ ಕೂರು. ಇನ್ನೂ, ಇನ್ನೂ ಎಂದು ಅದು ನಿಂತಾಗ ನಿನ್ನ ಕಾಲು ಏನು ಮಾಡುತ್ತದೆ ನೋಡು. ಅದು ಸುಮ್ಮನಿದ್ದರೆ ಒಂದು ಸಾಲು ಬರೆ, ಶುದ್ಧವಾದದ್ದನ್ನು ಕಳಿಸಿಬಿಡುತ್ತೇನೆ, ಮತ್ತೆ ಏನೂ ಕೇಳುವುದಿಲ್ಲ. ಎದ್ದರೆ, ಲುದ್ವಿಕಾಳ ಮನೆಯದು ಸಿಮೆಂಟಿನ ನೆಲ, ಅಲ್ಲಿ ಬಡಿದು ಏನೂ ಆಗುವುದಿಲ್ಲ. ಸೊಂಟಕ್ಕೆ ದಿಂಬು ಕಟ್ಟಿಕೊಂಡು ರೈಲು ಹತ್ತು. ಸಾರಿಗೆ ಬೀಟ್‌ರೂಟ್ ಇಬ್ಬರಿಗಾಗುವಷ್ಟು ಹುಳಿ ಬರಲು ಇಟ್ಟಿದ್ದೇನೆ. ಒತಿಲ್ಯಾ ಅವರು ಹೊಸ ಪೊರಕೆ ತಂದಿಟ್ಟುಕೊಂಡಿದ್ದಾರೆ.

ಲಿ.